ಏಳು ಬಣ್ಣದ ಬಳೆ

"ಇವತ್ತೂ ಕಂಡೂವೇನ, ಅಕ್ಕವ್ವಾ?"

ಬಾಜೂ ಮನೆಯ ಕಾಶೆವ್ವ ಹೊಸ್ತಿಲು ದಾಟುವ ಮೊದಲೇ ಕೇಳಿದಳು. ಅವಳ ಕೈಯಲ್ಲಿ ತೆಂಗಿನಕಾಯಿ ಇತ್ತು, ಸೆರಗಿನ ಮೇಲೆಲ್ಲ ಜಿಟಿಜಿಟಿ ಮಳೆಯ ಹನಿ.

ಆಗಷ್ಟೇ ದೇವರ ಕೋಣೆಯಿಂದ ಹೊರಗೆ ಬಂದಿದ್ದ ಅಕ್ಕವ್ವ ಪಡಸಾಲೆಯ ಕಂಬಕ್ಕೆ ಒರಗಿ ಹಣೆ ಒತ್ತಿಕೊಳ್ಳುತ್ತಿದ್ದಳು. ಪ್ರಶ್ನೆ ಕಿವಿಗೆ ಬಿದ್ದದ್ದೇ ಕೈ ಇಳಿಸಿ ಬೆನ್ನು ನೆಟ್ಟಗೆ ಮಾಡಿದಳು.

"ಕಂಡೂವು. ಇವತ್ತ ಎರಡ ಬಳಿ. ಒಳಗಿಂದು ನೀಲಿ, ಹೊರಗಿಂದು ಕೆಂಪ. ನಡುವ ಉಳದ ಬಣ್ಣೆಲ್ಲಾ."

"ಶಿವ ಶಿವಾ," ಎಂದು ಕಾಶೆವ್ವ ಕಾಯಿಯನ್ನು ನೆಲಕ್ಕಿಟ್ಟು ಅಕ್ಕವ್ವನ ಪಾದ ಮುಟ್ಟಿದಳು. ಇಬ್ಬರೂ ಒಂದೇ ಓಣಿಗೆ ಸೊಸೆಯರಾಗಿ ಬಂದವರು, ಐವತ್ತು ವರ್ಷ ಒಂದೇ ಹಿತ್ತಲ ಗೋಡೆಯ ಮೇಲಿಂದ ಜಗಳವಾಡಿದವರು. ಈಗ ಒಬ್ಬಳು ಇನ್ನೊಬ್ಬಳ ಪಾದ ಮುಟ್ಟುತ್ತಿದ್ದಳು.

ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಮೊಮ್ಮಗಳು ಕಸ್ತೂರಿ ಇದನ್ನೆಲ್ಲ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದವಳು. ಎಂಟನೆಯ ತರಗತಿ ಮುಗಿದ ಮೇಲೆ ಶಾಲೆ ಬಿಟ್ಟವಳು. ಯಾರಾದರೂ ಮನೆಗೆ ಬಂದರೆ ಬಾಗಿಲ ಹಿಂದೆ ಸರಿಯುವುದು ಅವಳ ರೂಢಿ. ಆದರೆ ಬಾಗಿಲ ಸಂದಿಯಿಂದ ಅವಳ ಕಣ್ಣಿಗೆ ತಪ್ಪಿದ್ದು ಕಡಿಮೆ.

ಮೇಲವಂಕಿಯ ಆ ಮನೆಯಲ್ಲಿ ತಿಂಗಳೊಪ್ಪತ್ತಿನಿಂದ ಹಬ್ಬದ ಗದ್ದಲ. ಅಕ್ಕವ್ವ ಮದುವೆಯಾಗಿ ಬಂದ ದಿನದಿಂದ ಒಂದು ದಿನವೂ ತಪ್ಪಿಸದೆ ಬೆಳಗಿನ ಜಾವ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರುವವಳು. ಕೋಣೆಯಲ್ಲಿ ಒಂದೇ ಎಣ್ಣೆಯ ದೀಪ. ಅದರ ಬೆಳಕು ಲಿಂಗದ ಕಪ್ಪು ಮೈಮೇಲೆ ಒಂದು ಚುಕ್ಕಿಯಾಗಿ ಮೂಡುತ್ತದೆ. ಆ ಚುಕ್ಕಿಯನ್ನು ರೆಪ್ಪೆ ಅಲುಗಿಸದೆ ನೋಡುತ್ತ ಕೂರುವುದೇ ಅವಳ ಪೂಜೆ. ಇಷ್ಟು ವರ್ಷ ಚುಕ್ಕಿ ಚುಕ್ಕಿಯಾಗಿಯೇ ಇತ್ತು. ಈ ಸಲ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಅದರ ಸುತ್ತ ಏಳು ಬಣ್ಣದ ಬಳೆ ಮೂಡಿತು. ಅಕ್ಕವ್ವ ಅಳುತ್ತ ಹೊರಗೆ ಬಂದು ಮಗನ ಕೈ ಹಿಡಿದು, "ಮಲ್ಲ್ಯಾ, ಇಷ್ಟ ದಿನಕ್ಕ ಶಿವಾ ನನ್ನ ಕಡೆ ಹೊಳ್ಳಿ ನೋಡಿದ," ಎಂದಿದ್ದಳು.

ಸುದ್ದಿ ಓಣಿ ದಾಟಲು ಒಂದು ಹೊತ್ತು ಸಾಕಾಯಿತು. ಮೊದಲು ಕಾಶೆವ್ವ ಬಂದಳು, ಆಮೇಲೆ ಭಜನೆಯವರು, ಆಮೇಲೆ ಹೆಸರು ಗೊತ್ತಿಲ್ಲದವರು. ಕಸ್ತೂರಿಯ ಅಪ್ಪ ಮಲ್ಲೇಶ ಮೆತ್ತಗಿನ ಮನುಷ್ಯ. ಕಾಲುವೆ ನೀರಿನ ಪಾಳಿಯಲ್ಲಿ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡವರಲ್ಲ. ಈಗ ಅವನು ಚಹಾದಂಗಡಿಗೆ ಹೋದರೆ ಜನ ಸರಿದು ಜಾಗ ಕೊಡುತ್ತಿದ್ದರು. ಅವನ ನಡಿಗೆಯೇ ಬದಲಾಗಿತ್ತು. ಶ್ರಾವಣದ ಎರಡನೆಯ ಸೋಮವಾರ ಅವ್ವನ ಪೂಜೆಗೆ ಎಲ್ಲರೂ ಬರಬೇಕೆಂದು ಊರಿಗೆಲ್ಲ ಹೇಳಿದ್ದ. ಮೂಡಲಗಿಯ ಬೀಗರು, ಹುಕ್ಕೇರಿಯ ಅತ್ತೆ, ಎಲ್ಲರೂ ಬರುವವರಿದ್ದರು. ಅಂಗಳಕ್ಕೆ ತಾಡಪತ್ರಿ ಕಟ್ಟಿಯಾಗಿತ್ತು. ಹುಗ್ಗಿಗೆ ಗೋಧಿ ಕುಟ್ಟಿಯಾಗಿತ್ತು.

ಕಸ್ತೂರಿಗೂ ಮೊದಮೊದಲು ಮೈ ಜುಮ್ಮೆಂದಿತ್ತು. ಆಯಿ ಎಂದು ಅವಳು ಕರೆಯುವ ಅಜ್ಜಿ ಹೊರಗೆ ಬರುವುದನ್ನೇ ಕಾಯುತ್ತಿದ್ದಳು, ಇವತ್ತು ಯಾವ ಬಣ್ಣ ಎಂದು ಕೇಳುವ ಆಸೆ. ಆದರೆ ಕೇಳುವ ಮೊದಲು ನೋಡುವುದು ಅವಳ ಸ್ವಭಾವವಾದ್ದರಿಂದ ಬೇರೆ ಕೆಲವೂ ಕಣ್ಣಿಗೆ ಬಿದ್ದವು. ಬಳೆ ಕಂಡ ದಿನ ತಪ್ಪದೆ ಆಯಿಗೆ ತಲೆನೋವು. ಬಳೆ ಕಾಣದ ದಿನ ತಲೆನೋವೂ ಇಲ್ಲ. ಚಹಾವನ್ನು ಬಸಿಗೆ ಸುರುವಿಕೊಳ್ಳುವಾಗ ಬಲಗಡೆ ಚೆಲ್ಲುತ್ತಿತ್ತು. ಬಾಗಿಲು ದಾಟುವಾಗ ಬಲ ಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಯುಗಾದಿಯಿಂದ ಈಚೆಗೆ ಗೋಕಾಕದ ಬಜಾರಿನ ಗಾಡಿಯಲ್ಲಿ ಎರಡು ಸಲ ಕನ್ನಡಕ ಬದಲಿಸಿ ತಂದಿದ್ದಳು, ಎರಡನ್ನೂ "ಸುಡಗಾಡ ಚಾಳೀಸ" ಎಂದು ಬೈದು ಮೂಲೆಗಿಟ್ಟಿದ್ದಳು.

ಇದನ್ನು ಅವ್ವ ಅನ್ನಪೂರ್ಣಾಳ ಮುಂದೆ ಹೇಳಿದಾಗ ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ವಯಸ್ಸಾತು. ತಲಿ ನೋಯತೈತಿ, ಕೈ ನಡಗತಾವ. ನೀ ಒಂದ ತಗದ ಕುಂದ್ರಬ್ಯಾಡ. ನಿಮ್ಮಪ್ಪ ಈಟ ಹುರುಪಿನಾಗಿದ್ದದ್ದ ನಾ ಲಗ್ನದಾಗೂ ನೋಡಿಲ್ಲ."

ಭಾನುವಾರ ಸಂಜೆ ಕತ್ತಲು ಕವಿಯುವ ಹೊತ್ತು. ಕರೆಂಟು ಹೋಗಿತ್ತು. ಅಜ್ಜಿ ಮೊಮ್ಮಗಳು ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ಹಾಲು ಒಯ್ಯುವ ದುಂಡೇಶನ ಮೂರು ಗಾಲಿಯ ಟಂಟಂ ಓಣಿಯ ತುದಿಯಲ್ಲಿ ತಿರುಗಿ, ಒಂದೇ ದೀಪ ಹೊತ್ತಿಸಿಕೊಂಡು ಇತ್ತ ಬಂತು. ಇನ್ನೊಂದು ದೀಪ ಒಡೆದು ಎರಡು ವರ್ಷವಾಗಿತ್ತು. ಅಕ್ಕವ್ವನ ಕೈ ಸೊಪ್ಪಿನಲ್ಲೇ ನಿಂತಿತು. ಅವಳು ಆ ದೀಪವನ್ನೇ ನೋಡಿದಳು, ಆಮೇಲೆ ಮುಖ ಬೇರೆ ಕಡೆ ತಿರುಗಿಸಿದಳು.

ಕಸ್ತೂರಿ ಸೊಪ್ಪಿನ ಮೊರ ಬದಿಗೆ ಸರಿಸಿದಳು.

"ಆಯಿ, ಆ ದೀಪದ ಸುತ್ತ ಏನರ ಐತೇನ?"

"ಏನ ಇರತೈತಿ? ಹಾಲಿನ ಗಾಡಿ ಅದು."

"ಖರೇ ಹೇಳ."

ಗಾಡಿ ಮನೆಯ ಮುಂದೆ ಬಂದು ನಿಂತಿತು. ದುಂಡೇಶ ಕ್ಯಾನು ಇಳಿಸುತ್ತ, "ಏನ್ ಆಯಿ, ನಾಳೆ ಹುಗ್ಗಿಗೆ ನಂದೂ ಒಂದ ಎಲಿ ಇರ್ಲಿ," ಎಂದ. ಅವನು ಒಳಗೆ ಹೋದ ಮೇಲೆ ಅಕ್ಕವ್ವ ಮೆಲ್ಲಗೆ ಹೇಳಿದಳು.

"ಕಾಣಾಕತ್ತಾವ. ಎರಡ ಬಳಿ." ಆಮೇಲೆ, "ಯಾರ ಮುಂದೂ ಅನ್ನಬ್ಯಾಡ ಮಗಳ. ಜನಾ ನಗತಾರ."

ಆ ರಾತ್ರಿ ಕಸ್ತೂರಿ ನಿದ್ದೆ ಬರುವವರೆಗೂ ಅದನ್ನೇ ಯೋಚಿಸಿದಳು. ಶಿವನ ಕಳೆ ಲಿಂಗದ ಮೇಲೆ ಮೂಡುವುದು ಸರಿ. ದುಂಡೇಶನ ಒಂಟಿ ದೀಪದ ಮೇಲೆ ಯಾಕೆ ಮೂಡಬೇಕು? ಅದು ದೀಪದಲ್ಲಿ ಇರುವುದಲ್ಲ, ಕಣ್ಣಿನಲ್ಲಿ ಇರುವುದು. ಅಷ್ಟು ದೂರ ಅವಳು ಒಬ್ಬಳೇ ನಡೆದು ಬಂದಳು. ಅದರಿಂದಾಚೆ ಅಪ್ಪನ ಮುಖ ಅಡ್ಡ ನಿಂತಿತು.

ಸೋಮವಾರ ಬೆಳಗು ಹರಿಯುವ ಮೊದಲೇ ಮನೆ ತುಂಬಿತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಜನೆಯವರು ತಾಳ ಹಿಡಿದು ಕೂತಿದ್ದರು. ಹುಕ್ಕೇರಿಯ ಅತ್ತೆ ಎಲ್ಲರಿಗಿಂತ ಮುಂದೆ ಕೂತು ಕುತ್ತಿಗೆ ಉದ್ದ ಮಾಡಿದ್ದಳು. ಒಳಗೆ ಅಕ್ಕವ್ವ ಪೂಜೆಗೆ ಕೂತಿದ್ದಳು. ಎಲ್ಲರಿಗೂ ಕಾಣಲೆಂದು ಮಲ್ಲೇಶ ಕೋಣೆಯ ಬಾಗಿಲು ತೆರೆದಿಟ್ಟಿದ್ದ. ದೀಪ ಒಂದೇ ಇರಲೆಂದು ಮನೆಯ ಬಲ್ಬುಗಳನ್ನೆಲ್ಲ ಆರಿಸಿದ್ದ. ಆ ಮಬ್ಬಿನಲ್ಲಿ ಅಕ್ಕವ್ವ ಅಂಗೈಯನ್ನೇ ನೋಡುತ್ತ ಅರ್ಧ ತಾಸು ಕೂತಳು.

"ಬಂದೂವು," ಎಂದಳು ಒಮ್ಮೆ. ಜನರ ನಡುವೆ ಗಾಳಿ ಬೀಸಿದ ಹಾಗೆ ಒಂದು ಸದ್ದು ಹಾದುಹೋಯಿತು. ತಾಳ ಜೋರಾಯಿತು.

ಇನ್ನೊಂದು ಗಳಿಗೆಗೆ ಅವಳು ಲಿಂಗವನ್ನು ಎದೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿದಳು. ಬಲಗೈ ಕಣ್ಣಿನ ಮೇಲೆ ಹೋಯಿತು. ನರಳಿದಳು, ಆಮೇಲೆ ವಾಂತಿ ಮಾಡಿಕೊಂಡಳು.

ಅನ್ನಪೂರ್ಣಾ ಓಡಿ ಹೋಗಿ ಹಿಡಿದುಕೊಂಡಳು. ಕಾಶೆವ್ವ ಎದ್ದು ನಿಂತು ಕೈ ಮುಗಿದಳು. "ಕಳೆ ತಡಕೊಳ್ಳಾಕ ಆಗವಲ್ದು ಆ ಜೀವಕ್ಕ," ಎಂದಳು. ಹಿಂದಿದ್ದವರೂ ಕೈ ಮುಗಿದರು. "ಒಂದ ಚೂರ ಆಡಿನ ಹಾಲಾಗ ಅದ್ದಿದ ಅರಿವಿ ಕಣ್ಣಿಗೆ ಇಡ್ರಿ, ತಂಪ ಆಕ್ಕೈತಿ," ಎಂದು ಹುಕ್ಕೇರಿಯ ಅತ್ತೆ. "ಯಾರೂ ಮುಟ್ಟಬ್ಯಾಡ್ರಿ, ತಾನ ಇಳೀತೈತಿ," ಎಂದು ಭಜನೆಯ ಹಿರಿಯರು. ಮಲ್ಲೇಶ ಅತ್ತ ಇತ್ತ ನೋಡುತ್ತ ನಿಂತ. ಅವನ ಮುಖದಲ್ಲಿ ಹೆದರಿಕೆ ಮತ್ತು ಹೆಮ್ಮೆ ಎರಡೂ ಇದ್ದವು, ಯಾವುದನ್ನು ಹಿಡಿಯಬೇಕೆಂದು ಅವನಿಗೇ ತಿಳಿಯದ ಹಾಗೆ.

ಕಸ್ತೂರಿ ಜನರ ಮಂಡಿಗಳನ್ನು ದಾಟಿ ಕೋಣೆಗೆ ಬಂದಳು. ಆಯಿಯ ಮುಖ ಎತ್ತಿ ಕಿಟಕಿಯ ಕಡೆ ತಿರುಗಿಸಿದಳು. ಹೊರಗೆ ಬೆಳಕು ಹರಿದಿತ್ತು. ಎಡಗಣ್ಣಿನ ನಡುವಿನ ಕಪ್ಪು, ಬೆಳಕು ಬಿದ್ದ ಕೂಡಲೇ ಬೆಕ್ಕಿನ ಕಣ್ಣಿನ ಹಾಗೆ ಸಣ್ಣದಾಯಿತು. ಬಲಗಣ್ಣಿನದು ಆಗಲಿಲ್ಲ. ಅದು ದೊಡ್ಡದಾಗಿಯೇ ಉಳಿದಿತ್ತು, ಅದರ ಮೇಲೆ ಉಸಿರು ಬಿದ್ದ ಗಾಜಿನ ಹಾಗೆ ಮಸುಕು. ಬಿಳಿ ಜಾಗವೆಲ್ಲ ಕೆಂಡ.

"ಆಯಿ, ಎಡಗಣ್ಣ ಮುಚ್ಚು."

ಅಕ್ಕವ್ವ ಮುಚ್ಚಿದಳು.

"ನಾ ಎಷ್ಟ ಬೆರಳ ತೋರ್ಸಾಕತ್ತೇನಿ?"

"ಯಾರ ನೀ?" ಎಂದಳು ಅಕ್ಕವ್ವ. "ಮುಂದ ಬಾ. ಎಲ್ಲಿ ಅದಿ?"

ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿ ಕಸ್ತೂರಿಯ ಐದು ಬೆರಳೂ ಇದ್ದವು.

ಕಸ್ತೂರಿ ತಿರುಗಿ ನಿಂತಳು. ಅಷ್ಟು ಕಣ್ಣುಗಳು ಒಟ್ಟಿಗೆ ಅವಳ ಮೇಲೆ ಬಿದ್ದದ್ದು ಅವಳ ಜೀವಮಾನದಲ್ಲೇ ಇಲ್ಲ. ಆದರೂ ಬಾಯಿಂದ ಮಾತು ಬಂತು, ತನ್ನದೇ ದನಿ ಎಂದು ಅವಳಿಗೆ ನಂಬಿಕೆ ಬಾರದಷ್ಟು ಗಟ್ಟಿಯಾಗಿ.

"ಆಯಿಗೆ ನಿನ್ನೆ ದುಂಡೇಶಣ್ಣನ ಗಾಡಿ ದೀಪಕ್ಕೂ ಇವ ಬಳಿ ಕಂಡಾವ. ಇದು ಬ್ಯಾನಿ ಐತಿ. ದವಾಖಾನಿಗೆ ಒಯ್ಯಬೇಕ. ಈಗ ಒಯ್ಯಬೇಕ."

ತಾಳ ನಿಂತಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ದುಂಡೇಶನ ಟಂಟಂಗೂ ಶಿವನ ಕಳೆ ಬಂತಂತ ನೋಡ್ರಿ." ಇನ್ನಷ್ಟು ಜನ ನಕ್ಕರು. ಮಲ್ಲೇಶನ ಮುಖ ಕಪ್ಪಿಟ್ಟಿತು. "ಕಸ್ತೂರಿ, ಒಳಗ ಹೋಗ," ಎಂದ, ಹಲ್ಲು ಬಿಗಿಹಿಡಿದು.

"ಅಪ್ಪಾ, ಆಯಿ ನನ್ನ ಕೈ ಕಾಣಲಿಲ್ಲ," ಎಂದಳು ಕಸ್ತೂರಿ. "ನೀ ಬಂದ ನೋಡ. ನೀ ಒಮ್ಮೆ ನೋಡ."

ಅವನು ಬಂದ. ಬೈಯಲೆಂದೇ ಬಂದಿರಬೇಕು. ಅವ್ವನ ಮುಂದೆ ಮಂಡಿಯೂರಿ ತನ್ನ ಕೈಯನ್ನು ಅವಳ ಮುಖದ ಮುಂದೆ ಹಿಡಿದ. ಅಕ್ಕವ್ವ ಎಡಗಣ್ಣು ಮುಚ್ಚಿಕೊಂಡೇ ಗಾಳಿಯಲ್ಲಿ ತಡಕಾಡಿದಳು. ಅವಳ ಬೆರಳು ಮಗನ ಕೈಯ ಬದಲು ಅವನ ಕೆನ್ನೆಗೆ ತಾಗಿತು.

"ಖರೇ ಅಂತಾಳ ಹುಡಿಗಿ," ಎಂದಳು ಅಕ್ಕವ್ವ ಎಲ್ಲರಿಗೂ ಕೇಳುವ ಹಾಗೆ. "ಗಾಡಿ ದೀಪಕ್ಕೂ ಕಂಡೂವು. ನನಗ ಹೇಳಾಕ ನಾಚಿಗಿ ಬಂತು. ಮಲ್ಲ್ಯಾ, ತಲಿ ಸೀಳಾಕತ್ತೈತೋ."

ಮಲ್ಲೇಶ ಎದ್ದವನೇ ದುಂಡೇಶನ ಗಾಡಿ ನಿಂತಿದ್ದ ಅಂಗಳಕ್ಕೆ ಓಡಿದ. "ದುಂಡ್ಯಾ, ಕ್ಯಾನ್ ಇಳಸೋ."

ಕ್ಯಾನು ಇಳಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹಾಲಿನ ಕ್ಯಾನುಗಳ ನಡುವೆಯೇ ಕಂಬಳಿ ಹಾಸಿ ಅಕ್ಕವ್ವನನ್ನು ಕೂರಿಸಿದರು. ತಲೆ ಕಸ್ತೂರಿಯ ಎದೆಗೆ. ದುಂಡೇಶ ಗೋಕಾಕದ ರಸ್ತೆಯಲ್ಲಿ ಒಮ್ಮೆಯೂ ಬ್ರೇಕು ಮುಟ್ಟಲಿಲ್ಲ. ಕಬ್ಬಿನ ಹೊಲಗಳು ಎರಡೂ ಕಡೆ ಹಿಂದೆ ಓಡಿದವು. ಕ್ಯಾನುಗಳು ಒಂದಕ್ಕೊಂದು ಬಡಿದು, ಮುಚ್ಚಳದಿಂದ ಹಾಲು ಚಿಮ್ಮಿ, ಕಸ್ತೂರಿಯ ಲಂಗವೆಲ್ಲ ತೊಯ್ದಿತು. ಹೆದರಿಕೆಯ ಜೊತೆಗೇ ಏನೋ ಒಂದು ಅವಳ ಮೈಯಲ್ಲಿ ಹರಿಯುತ್ತಿತ್ತು. ಇನ್ನೂ ಜೋರು, ಇನ್ನೂ ಜೋರು ಎಂದು ಅವಳು ಒಳಗೇ ಹೇಳಿಕೊಳ್ಳುತ್ತಿದ್ದಳು. ಮಲ್ಲೇಶ ಅವ್ವನ ಕಾಲು ಹಿಡಿದು ಕೂತಿದ್ದ. ಮಗಳ ಕಡೆ ನೋಡಲಿಲ್ಲ.

ಕಣ್ಣಿನ ದವಾಖಾನೆಯ ಡಾಕ್ಟರು ಹೆಂಗಸು, ರಾಜೇಶ್ವರಿ ಎಂದು ಬಾಗಿಲ ಮೇಲೆ ಬರೆದಿತ್ತು. ಬೇರೆ ಪೇಶೆಂಟುಗಳನ್ನು ನಿಲ್ಲಿಸಿ ಅಕ್ಕವ್ವನನ್ನು ಒಳಗೆ ಕರೆಸಿದರು. ಗಲ್ಲವನ್ನು ಯಂತ್ರದ ಮೇಲಿಡಿಸಿ ಬೆಳಕು ಬಿಟ್ಟು ನೋಡಿದರು. ನೋಡುತ್ತಿದ್ದಂತೆಯೇ ನರ್ಸನ್ನು ಕೂಗಿದರು. ಕೈಗೆ ಸಲೈನು, ಕಣ್ಣಿಗೆ ಹನಿ, ಬಾಯಿಗೆ ಗುಳಿಗೆ, ಎಲ್ಲ ಒಂದರ ಹಿಂದೆ ಒಂದು.

"ಎಷ್ಟ ಹೊತ್ತಾತು ಹಿಂಗಾಗಿ?"

"ಎರಡ ತಾಸ್ರಿ," ಎಂದ ಮಲ್ಲೇಶ.

"ಬಳಿ ಬಳಿ ಕಾಣೂದು?"

ಮಲ್ಲೇಶ ತಲೆ ತಗ್ಗಿಸಿದ. "ತಿಂಗಳದ ಮ್ಯಾಲಾತ್ರಿ ಬಾಯಾರ," ಎಂದಳು ಕಸ್ತೂರಿ. ತಲೆನೋವಿನ ದಿನಗಳು, ಬಲಗಡೆ ಚೆಲ್ಲುವ ಚಹಾ, ಚೌಕಟ್ಟಿಗೆ ಬಡಿಯುವ ಭುಜ, ಬೆಳಕಿಗೆ ಸಣ್ಣದಾಗದ ಕಪ್ಪು, ಎಲ್ಲವನ್ನೂ ಹೇಳಿದಳು. ಡಾಕ್ಟರು ಹನಿ ಹಾಕುವುದನ್ನು ನಿಲ್ಲಿಸಿ ಅವಳನ್ನು ನೋಡಿದರು.

"ಎಲ್ಲಿತನಕ ಓದೀಯವಾ?"

"ಎಂಟನೇತ್ತೆರಿ."

"ನನ್ನ ಕಡೆ ಬರೂ ಮಂದಿ ಯಾರೂ ಇಷ್ಟ ನೋಡಿರೂದಿಲ್ಲ," ಎಂದರು. ಆಮೇಲೆ ಮಲ್ಲೇಶನಿಗೆ ಹೇಳಿದರು: "ಇದಕ್ಕ ಕಾಚಬಿಂದು, ಗ್ಲಾಕೋಮಾ ಅಂತಾರ. ಕಣ್ಣಾಗ ನೀರ ಹುಟ್ಟತಾವ, ಹೊರಗ ಹರೀತಾವ. ಹರಿಯೂ ದಾರಿ ಕಟ್ಟಿತು ಅಂದ್ರ, ಧುಪದಾಳ ಡ್ಯಾಮಿಂದು ಮಳಿಗಾಲದಾಗ ಗೇಟೆಲ್ಲಾ ಇಳಿಸಿದಂಗ. ಹಿಂದ ಒತ್ತಡ ಏರತೈತಿ. ಆ ಒತ್ತಡ ಕಣ್ಣಿನ ನರಾ ಕೊಲ್ಲತೈತಿ. ಮಬ್ಬಿನಾಗ ಕುಂತ್ರ ಇನ್ನೂ ಜಾಸ್ತಿ."

"ಕಣ್ಣಿಗೆ ಪೊರಿ ಬರೂ ಮೋತಿಬಿಂದು ಇದ್ದಂಗೇನ್ರಿ? ಆಪರೇಷನ್ ಮಾಡಿದ್ರ..."

"ಮೋತಿಬಿಂದು ಆಗಿದ್ರ ತಡಾ ಆದ್ರೂ ತಗದ ಚೊಲೋ ಮಾಡ್ತಿದ್ದೆ. ಇದರಾಗ ಹೋದ ನೋಟ ಹೋದಂಗ. ಉಳದದ್ದ ಉಳಿಸಿಕೋಬೇಕ. ಸಂಜೀತನ ಬಿಟ್ಟಿದ್ರ ಈ ಕಣ್ಣ ಪೂರಾ ಹೋಗ್ತಿತ್ತು."

ಮಧ್ಯಾಹ್ನದ ಹೊತ್ತಿಗೆ ಒತ್ತಡ ಇಳಿಯಿತು. ಮರುದಿನ ಬಲಗಣ್ಣಿಗೆ, ಅದರ ಮರುದಿನ ಮುಂಜಾಗ್ರತೆಗೆಂದು ಎಡಗಣ್ಣಿಗೆ, ಲೇಸರಿನಿಂದ ಸಾಸಿವೆಗಿಂತ ಸಣ್ಣ ದಾರಿ ಕೊರೆದರು. ಇದು ರಕ್ತಸಂಬಂಧದಲ್ಲಿ ಬರುವ ರೋಗ, ನಲವತ್ತು ದಾಟಿದವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಲೇಬೇಕು ಎಂದು ಮಲ್ಲೇಶನನ್ನೂ ಯಂತ್ರದ ಮುಂದೆ ಕೂರಿಸಿದರು. ಯಂತ್ರ ಕಣ್ಣಿಗೆ ಪುಸ್ಸೆಂದು ಗಾಳಿ ಊದಿದಾಗ ಅವನು ಕುರ್ಚಿಯಿಂದ ಹಾರಿದ. ಹಾಸಿಗೆಯ ಮೇಲಿನಿಂದ ಅಕ್ಕವ್ವ ನಕ್ಕಳು. ಸೋಮವಾರದಿಂದ ಅವಳು ನಕ್ಕದ್ದು ಅದೇ ಮೊದಲು. ಅವನ ಕಣ್ಣು ಸದ್ಯಕ್ಕೆ ಚೆನ್ನಾಗಿತ್ತು. ಹೊರಗೆ ಬಂದವನು ಮಗಳಿಗೆ ಒಂದು ಬಾಳೆಹಣ್ಣು ಸುಲಿದು ಕೊಟ್ಟ. ಅವಳು ತಿಂದು ಮುಗಿಸುವವರೆಗೆ ಬಾಜೂಕೇ ನಿಂತಿದ್ದ.

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ, ಬಲ್ಬು ಹಾಕಿಕೊಂಡು, ಅಕ್ಕವ್ವ ಪೂಜೆಗೆ ಕೂತಳು. ಹೊರಗೆ ಬಂದಾಗ ಎಲ್ಲರೂ ಅವಳ ಮುಖ ನೋಡಿದರು, ಯಾರೂ ಕೇಳಲಿಲ್ಲ. ಅವಳೇ ಹೇಳಿದಳು.

"ಬಳಿ ಇಲ್ಲ. ಚುಕ್ಕಿ ಒಂದ ಐತಿ. ಚೊಲೋ ಐತಿ."

ಊರು ಸುಮ್ಮನಿರಲಿಲ್ಲ. ಚಹಾದಂಗಡಿಯಲ್ಲಿ ಯಾರೋ, "ಏನೋ ಮಲ್ಲೇಶಾ, ಕಳೆ ಹನಿ ಔಷಧಕ್ಕ ಹರದ ಹೋತಂತ?" ಎಂದರಂತೆ. ಮಲ್ಲೇಶ ಬಸಿ ಕೆಳಗಿಟ್ಟು, "ಹುಗ್ಗಿ ಉಂಡ ಹೋದ್ರಿ ಎಲ್ಲಾರೂ. ಈಗ ಹೋಗಿ ಕಣ್ಣೂ ತೋರಿಸಿಕೊಂಡ ಬರ್ರಿ," ಎಂದನಂತೆ. ದುಂಡೇಶ ಇದನ್ನು ಓಣಿಗೆಲ್ಲ ಹೇಳಿಕೊಂಡು ಬಂದ.

ಅಂದು ಮಧ್ಯಾಹ್ನ ಕಸ್ತೂರಿ ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದಳು. ಗೋಡೆಯಾಚೆ ಕಾಶೆವ್ವ ಬಂದು ನಿಂತಳು. ಸೋಮವಾರದಿಂದ ಅವಳು ಈ ಮನೆಗೆ ಕಾಲಿಟ್ಟಿರಲಿಲ್ಲ. ಪಾದ ಮುಟ್ಟಿದ್ದಕ್ಕೆ ನಾಚಿಕೆಯಾಗಿದೆ ಎಂದು ಎಲ್ಲರೂ ತಿಳಿದಿದ್ದರು.

"ನಿಮ್ಮ ಆಯಿ ಮಲಗ್ಯಾಳೇನ?"

"ಹೂಂ."

"ಆಕಿನ್ನ ಎಬಸಬ್ಯಾಡ. ನಿನ್ನ ಕಡೇನ ಬಂದೇನಿ." ಕಾಶೆವ್ವ ಗೋಡೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದಳು. "ನನಗೂ ಕಾಣ್ತಾವವಾ."

ಕಸ್ತೂರಿಯ ಕೈಯಲ್ಲಿ ಒದ್ದೆ ಸೀರೆ ಹಾಗೇ ಉಳಿಯಿತು. "ಎಂದಿಂದ?"

"ಆಕೀಕಿಂತ ಮೊದಲ. ಹೋಳಿಹುಣ್ಣಿವಿ ಮುಂದ. ರಸ್ತಾದ ದೀಪಕ್ಕ, ಟಿವ್ಯಾನ ದೀಪಕ್ಕ."

"ಮತ್ತ ಯಾಕ ಹೇಳಲಿಲ್ಲ, ಆಯಿ?"

"ಏನಂತ ಹೇಳ್ಲಿ? ನಾ ಪೂಜಿ ಪುನಸ್ಕಾರ ಮಾಡಾಕಿ ಅಲ್ಲ. ನಮ್ಮವ್ರು ಹೋದ ಮ್ಯಾಲ ಸಿಟ್ಟಿಲೆ ಲಿಂಗಾ ಪೆಟಗ್ಯಾಗ ಇಟ್ಟಾಕಿ. ನಿಮ್ಮ ಆಯಿಗೆ ಕಂಡೂವು ಅಂದ್ರ ಊರ ನಂಬತೈತಿ. ನನಗ ಕಂಡೂವು ಅಂದಿದ್ರ ಮಂದಿ ಏನಂತಿದ್ರು? ಶಿವಗ ಮನಿ ತಪ್ಪೇತಿ, ಆಕೀ ಮನಿಗೆ ಹೋಗೂದ ನನ್ನ ಮನಿಗೆ ಬಂದೈತಿ, ಅಂತ ನಾನ ಸುಮ್ಮ ಇದ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ತಲೀನೂ ನೋಯತೈತಿ."

ಕಸ್ತೂರಿ ಸೀರೆಯನ್ನು ಗೋಡೆಯ ಮೇಲೆ ಎಸೆದು ಒಳಗೆ ಓಡಿದಳು. ಆಮೇಲೆ ಅರ್ಧದಾರಿಯಿಂದ ತಿರುಗಿ ಬಂದು, "ಆಧಾರ್ ಕಾರ್ಡ ತಗೋ. ಎರಡೂವರಿ ಬಸ್ಸ ಐತಿ," ಎಂದಳು.

"ಇವತ್ತೇನ? ಸೋಮವಾರ ಹೋಗೂಣಲ್ಲ."

"ಇವತ್ತ."

ಕಾಶೆವ್ವ ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ಶಾಲೆಯ ಮಕ್ಕಳು, ಸಂತೆಯ ಚೀಲಗಳು, ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳುವ ಮೊದಲೇ ಕಸ್ತೂರಿ, "ಎರಡ ಗೋಕಾಕ್ರಿ," ಎಂದಳು. "ಆ ಅಣ್ಣಾರ, ಒಂಚೂರ ಏಳ್ರಿ, ಇವರ್ನ ಕುಂದ್ರಸ್ರಿ." ಮುಂದಿನ ಸೀಟಿನವರೂ ತಿರುಗಿ ನೋಡಿದರು. ಒಬ್ಬರಲ್ಲ, ಇಬ್ಬರು ಎದ್ದು ಜಾಗ ಕೊಟ್ಟರು.

ಕಾಶೆವ್ವ ಕಿಟಕಿಯ ಪಕ್ಕ ಕೂತಳು. ಊರು ದಾಟಿತು. ಮಳೆ ನಿಂತಿತ್ತು, ಗೋವಿನಜೋಳದ ಹೊಲಗಳ ಮೇಲೆ ಬಿಸಿಲು ಬಿದ್ದಿತ್ತು. ಅವಳು ಗಾಜನ್ನು ಸೆರಗಿನ ತುದಿಯಿಂದ ಒರೆಸಿದಳು, ಕಣ್ಣು ಕಿರಿದು ಮಾಡಿ ನೋಡಿದಳು, ಮತ್ತೆ ಒರೆಸಿದಳು. ಸ್ವಚ್ಛವಾಗಿಯೇ ಇದ್ದ ಗಾಜನ್ನು ಮೂರನೆಯ ಸಲ ಒರೆಸಲು ಕೈ ಎತ್ತಿದಾಗ ಕಸ್ತೂರಿ ಅವಳ ಮೇಲಿಂದ ಬಾಗಿ ಅದನ್ನು ಪೂರ್ತಿ ಬದಿಗೆ ಸರಿಸಿದಳು. ಗಾಳಿ ಒಳಗೆ ನುಗ್ಗಿ ಕಾಶೆವ್ವನ ಸೆರಗು ತಲೆಯಿಂದ ಜಾರಿತು. ಅವಳು ಅದನ್ನು ಎಳೆದುಕೊಳ್ಳದೆ ಹೊರಗೆ ನೋಡುತ್ತಲೇ ಕೂತಳು.